ಗ್ಯಾಸ್ ಪೈಪಿನ ನೆರಳು, ಸತ್ತ ಡಯೋಡು

ನಮ್ಮ ತಾರಸಿಯ ಸೋಲಾರ್ ಕರೆಂಟ್ ಕದಿಯುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಕಂಟ್ರೋಲರ್ ಅಲ್ಲ, ಬ್ಯಾಟರಿಯೂ ಅಲ್ಲ. ಪೂರ್ವ ಬದಿಯ ಪ್ಯಾನೆಲ್‌ನ ಜಂಕ್ಷನ್ ಬಾಕ್ಸಿನಲ್ಲಿ, ಮೂರರಲ್ಲಿ ನಡುವಿನ ಬೈಪಾಸ್ ಡಯೋಡು, ಅಂದರೆ ನೆರಳು ಬಿದ್ದ ಸೆಲ್‌ಗಳನ್ನು ಬಳಸಿಕೊಂಡು ಕರೆಂಟ್ ಮುಂದೆ ಹೋಗಲು ದಾರಿ ಕೊಡುವ ಬಿಡಿಭಾಗ!

ಸೆಟಪ್ ಹಳೆಯದೇ. ಮೈಸೂರಿನ ನಮ್ಮ ತಾರಸಿ ಮೇಲೆ 335 ವ್ಯಾಟ್‌ನ ಎರಡು 72 ಸೆಲ್ ಪಾಲಿ ಪ್ಯಾನೆಲ್ ಸೀರೀಸ್‌ನಲ್ಲಿ, ಒಂದು ಎಂಪಿಪಿಟಿ (ಪ್ಯಾನೆಲ್‌ನಿಂದ ಅತಿ ಹೆಚ್ಚು ವ್ಯಾಟ್ ಸಿಗುವ ವೋಲ್ಟೇಜ್ ಹುಡುಕುವ ಚಾರ್ಜ್ ಕಂಟ್ರೋಲರ್), 24 ವೋಲ್ಟ್ ಇನ್ವರ್ಟರ್, ಎರಡು ಟ್ಯೂಬ್ಯುಲರ್ ಬ್ಯಾಟರಿ. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ ಎರಡು, ಎರಡೂವರೆ ಯೂನಿಟ್. ಇದನ್ನು ಕಡಿಮೆ ಎನ್ನುವವರಿದ್ದಾರೆ. ಆದರೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಆ ಗಡಿಯಲ್ಲೇ ಓಡಾಡುವ ನಮ್ಮಂಥ ಮನೆಗೆ ಈ ಎರಡು ಯೂನಿಟ್ಟೇ ಜೀವಾಳ. ಧನುರ್ಮಾಸದ ಚಳಿಗೆ ಗೀಸರ್ ಹೆಚ್ಚು ಓಡುವ ಹೊತ್ತಿಗೇ ಸೋಲಾರ್ ಕೈಕೊಟ್ಟಿತು.

ಮೋಡವಿಲ್ಲದ ಮಧ್ಯಾಹ್ನ 480 ವ್ಯಾಟ್ ತೋರಿಸುತ್ತಿದ್ದ ಮೀಟರ್ ಇದ್ದಕ್ಕಿದ್ದಂತೆ 170ಕ್ಕೆ ಕುಸಿಯುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಏರುತ್ತದೆ. ಆ ಹೊತ್ತಿಗೆ ಪ್ಯಾನೆಲ್ ಮೇಲೆ ಬಿದ್ದಿರುವುದು ಶೌಚಾಲಯದ ಗ್ಯಾಸ್ ಪೈಪಿನ ನೆರಳು, ಅಂಗೈ ಅಗಲದ್ದು. ಜೂನ್‌ನಲ್ಲಿ ಇದು ಕಾಣಿಸುವುದೇ ಇಲ್ಲ. ಆಗ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರಕ್ಕೇ ನಿಲ್ಲುವುದರಿಂದ ನೆರಳು ಉದ್ದಕ್ಕೆ ಚಾಚುತ್ತದೆ. ಪೈಪನ್ನು ಮೋಟು ಮಾಡುವ ಮಾತೇ ಇಲ್ಲ, ವಾಸನೆ ತಾರಸಿಯ ಮೇಲೇ ಸುತ್ತುತ್ತದೆ.

ನೆರಳು ಬಿದ್ದರೆ ಕರೆಂಟ್ ಇಳಿಯುತ್ತದೆ, ಸರಿ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಎರಡು ಪ್ಯಾನೆಲ್ ಸೇರಿ ಆರು ಸಾಲು, ಒಂದೊಂದರಲ್ಲಿ 24 ಸೆಲ್. ಒಂದು ಸಾಲು ಕೂತರೂ ಅದರ ಡಯೋಡು ಪಕ್ಕದ ದಾರಿ ತೆರೆದುಕೊಡಬೇಕು, ಮಿಕ್ಕ ಐದು ಸಾಲು 400 ವ್ಯಾಟ್ ಆದರೂ ಕೊಡಬೇಕು. ಇಲ್ಲಿ ನೋಡಿದರೆ ಒಂದು ಎತ್ತು ಮಲಗಿದ್ದಕ್ಕೆ ಗಾಡಿಯೇ ನಿಂತ ಹಾಗೆ. ವೋಲ್ಟೇಜ್ 75ರ ಮೇಲೆ, ಕರೆಂಟ್ ಎರಡು ಆಂಪಿಯರ್ ಚಿಲ್ಲರೆ. ನೆರಳಿದ್ದಾಗ ವ್ಯಾಟ್ ಒಂದಕ್ಕಿಂತ ಹೆಚ್ಚು ವೋಲ್ಟೇಜ್‌ಗಳಲ್ಲಿ ಶಿಖರ ಮುಟ್ಟುತ್ತದೆ; ಎಂಪಿಪಿಟಿ ಅವುಗಳಲ್ಲಿ ತಪ್ಪು ಶಿಖರಕ್ಕೆ ಅಂಟಿಕೊಂಡಾಗಲೂ ಥೇಟ್ ಇದೇ ಲಕ್ಷಣ. ಹಾಗಾಗಿ ಗೆಳೆಯನ ಕಂಟ್ರೋಲರ್ ತಂದು ಹಾಕಿದೆ. ಅದು ಆಗಾಗ ಇಡೀ ವೋಲ್ಟೇಜ್ ವ್ಯಾಪ್ತಿಯನ್ನು ಜಾಲಾಡುವಂಥದ್ದು. ಅದರಲ್ಲೂ 170.

ಪ್ಯಾನೆಲ್ ಕೊಟ್ಟ ಅಂಗಡಿಯವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಬಂದ ಹುಡುಗ ನೆರಳು ಸರಿದ ಮೇಲೆ ವಿಓಸಿ (ಲೋಡ್ ಇಲ್ಲದಾಗಿನ ವೋಲ್ಟೇಜ್), ಐಎಸ್‌ಸಿ (ಎರಡು ತುದಿ ನೇರ ಜೋಡಿಸಿದಾಗಿನ ಕರೆಂಟ್) ಅಳೆದ. ಎರಡೂ ಸರಿಯಾಗಿವೆ. "ಪ್ಯಾನೆಲ್ ಪಕ್ಕಾ ಇದೆ ಸಾರ್, ನೆರಳು ಬಿದ್ರೆ ಯಾವ್ದಾದ್ರೂ ಅಷ್ಟೇ" ಎಂದು ಹೇಳಿ ಹೊರಟೇಬಿಟ್ಟ. ಡಯೋಡು ಶಾರ್ಟ್ ಆಗಿದ್ದರೆ ವಿಓಸಿ ಮೂರನೇ ಒಂದು ಪಾಲು ಇಳಿದು ಗುಟ್ಟು ರಟ್ಟಾಗುತ್ತದೆ. ಓಪನ್ ಆದ, ಅಂದರೆ ಒಳಗೆ ದಾರಿ ಕಡಿದುಹೋದ ಡಯೋಡು ಪೂರ್ತಿ ಬಿಸಿಲಿನಲ್ಲಿ ಏನನ್ನೂ ತೋರಿಸುವುದಿಲ್ಲ. ಅದನ್ನು ನೆರಳಿನಲ್ಲೇ ಹಿಡಿಯಬೇಕು.

ಹಿಡಿದದ್ದು ರಟ್ಟಿನಿಂದ. ಒಂದು ಸೆಲ್‌ನಷ್ಟಗಲ ರಟ್ಟು ಕತ್ತರಿಸಿ, ಒಂದೊಂದು ಸಾಲಿನಲ್ಲಿ ಒಂದೊಂದು ಸೆಲ್ ಮುಚ್ಚುತ್ತ ಹೋದೆ. ಪೈಪಿನ ನೆರಳು ಅರೆಬರೆ, ಕಂಟ್ರೋಲರ್‌ಗೂ ಗೊಂದಲ. ರಟ್ಟು ಪೂರ್ತಿ ಕತ್ತಲು, ಅನುಮಾನಕ್ಕೆ ಎಡೆಯೇ ಇಲ್ಲ. "ಏನಪ್ಪಾ, ನಿನ್ನ ಪ್ಯಾನೆಲ್‌ಗೂ ಬಿಸಿಲು ಜಾಸ್ತಿ ಆಯ್ತಾ?" ಅಂತ ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಆಂಟಿ ನಕ್ಕರು. ಐದು ಸಾಲಿನಲ್ಲಿ 400ರ ಆಸುಪಾಸು. ಪೂರ್ವದ ಪ್ಯಾನೆಲ್‌ನ ನಡು ಸಾಲಿಗೆ ಇಟ್ಟ ಕೂಡಲೇ 50ಕ್ಕೂ ಕೆಳಗೆ. ತಕ್ಷಣ ರಟ್ಟು ತೆಗೆಯಿರಿ: ಡಯೋಡು ಇಲ್ಲದ ಸಾಲಿನಲ್ಲಿ ಮುಚ್ಚಿದ ಸೆಲ್ ಮೇಲೆ ಮಿಕ್ಕೆಲ್ಲ ಸೆಲ್‌ಗಳ ವೋಲ್ಟೇಜ್ ಉಲ್ಟಾ ಬಿದ್ದು ಅದು ಬಿಸಿಯಾಗುತ್ತದೆ, ಕಂದುಗಟ್ಟುತ್ತದೆ.

ಕತ್ತಲಾದ ಮೇಲೆ ಪ್ಯಾನೆಲ್ ವೈರಿನ ಎಂಸಿ4 ಕನೆಕ್ಟರ್ ಬಿಡಿಸಿ ಬಾಕ್ಸ್ ತೆರೆದೆ. ಬಿಸಿಲಿನಲ್ಲಿ ಮಲ್ಟಿಮೀಟರ್‌ನ ಡಯೋಡ್ ಮೋಡ್ ನಂಬಬೇಡಿ, ಸಾಲಿನದೇ ವೋಲ್ಟೇಜ್ ಅಡ್ಡ ಬರುತ್ತದೆ. ಎರಡರಲ್ಲಿ 0.2 ವೋಲ್ಟ್, ಅವು ಸರಿಯಿವೆ. ನಡುವಿನದರಲ್ಲಿ ಎರಡೂ ಕಡೆಯಿಂದ 'ಓಎಲ್', ಅಂದರೆ ಕರೆಂಟ್ ಹರಿಯುತ್ತಲೇ ಇಲ್ಲ. ಹೊರಗೆ ನೋಡಲು ಹೊಸದರಂತಿದೆ. ಕಾಲಿನ ಬುಡದಲ್ಲಿ ಮಾತ್ರ ಕೂದಲೆಳೆಯಂಥ ಬಿರುಕು.

ಹೊಸದು ತರುವುದು ಇನ್ನೊಂದು ಗೋಳು. ಬೇಕಿದ್ದದ್ದು 15ಎಸ್‌ಕ್ಯೂ045, 15 ಆಂಪಿಯರ್ 45 ವೋಲ್ಟಿನ ಷಾಟ್ಕಿ, ಅಂದರೆ ಕರೆಂಟ್ ಹರಿಯುವಾಗ ಕಡಿಮೆ ವೋಲ್ಟೇಜ್ ತಿನ್ನುವ ಡಯೋಡು. ಅಂಗಡಿಯವರು "ಇದೂ ಅದೇ" ಎಂದು 1ಎನ್5408 ಕೊಡಲು ನೋಡಿದರು. ಮೂರು ಆಂಪಿಯರ್‌ನ ಮಾಮೂಲಿ ಸಿಲಿಕಾನ್ ಡಯೋಡಿಗೆ ಎಂಟು ಆಂಪಿಯರ್ ಹರಿಸಿದರೆ ಬಾಕ್ಸೇ ಕರಗೀತು! ಸರಿಯಾದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕಿತು, ಮೂರೂ ಬದಲಾಯಿಸಿದೆ. ಒಳಗಿನ ದಪ್ಪ ತಾಮ್ರದ ಪಟ್ಟಿ ಬಿಸಿಯನ್ನೆಲ್ಲ ಹೀರುತ್ತದೆ, 25 ವ್ಯಾಟ್ ಐರನ್‌ಗೆ ಬಗ್ಗುವುದಿಲ್ಲ. 60 ವ್ಯಾಟ್‌ನದು ಬೇಕು.

ಈಗ ಪೈಪಿನ ನೆರಳಲ್ಲೂ 395.

ಇದು ಕೈಗೆ ಬಂದದ್ದೇ ತಡ, ತಲೆ ಗೀಸರ್ ಕಡೆ ಓಡಿದೆ. ಮಧ್ಯಾಹ್ನ ಒಂದರ ಹೊತ್ತಿಗೆ ಬ್ಯಾಟರಿ ತುಂಬಿದ ಮೇಲೆ ಪ್ಯಾನೆಲ್ ಸುಮ್ಮನೆ ಕೂರುತ್ತದೆ. ಆ ಕರೆಂಟಿಗೆ ಕಡಿಮೆ ವೋಲ್ಟಿನ ಹೀಟಿಂಗ್ ಕಾಯಿಲ್ ಕೊಟ್ಟು ಗೀಸರ್‌ಗೆ ಹೋಗುವ ನೀರನ್ನು ಮೊದಲೇ ಬೆಚ್ಚಗೆ ಮಾಡಬೇಕು. ತೊಡಕಿರುವುದು ಥರ್ಮೋಸ್ಟಾಟ್‌ನಲ್ಲಿ: ಎಸಿಯದನ್ನು ಡಿಸಿಗೆ ಹಾಕಿದರೆ ಕಿಡಿ ಆರದೆ ಕಾಂಟ್ಯಾಕ್ಟ್ ಬೆಸೆದುಕೊಂಡು ನೀರು ಕುದಿಯುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಬರೀ ಸಿಗ್ನಲ್ ಕೊಡಲಿ, ಲೋಡನ್ನು ಮಾಸ್ಫೆಟ್ (ಕಾಂಟ್ಯಾಕ್ಟ್ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್) ಕಡಿಯಲಿ ಎಂದುಕೊಂಡಿದ್ದೇನೆ. ಮಾಸ್ಫೆಟ್ ಶಾರ್ಟ್ ಆದರೂ ಕಾಯಿಲ್ ನಿಲ್ಲುವಂತೆ ಬಿಸಿ ಮೀರಿದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಎಲ್ಲಿ ಕೂರಿಸಬೇಕು ಎಂಬುದೇ ಈ ವಾರದ ಕೆಲಸ.