ನೂರು ಕಿಲೋಮೀಟರ್ ಆದ ಮ್ಯಾಲೆ

ಮೊದಲನೇ ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದಂದು ಓಟ) ಓಡೋದು ಮುಗೀತು, ಮೆಟ್ಟಿಲ ಇಳಿಯೋದು ಇನ್ನೂ ಮುಗಿದಿಲ್ಲ. ಹತ್ತೋದು ಹೆಂಗರ ಆಗ್ತದ. ಇಳಿಯೋ ಮುಂದ ಗ್ವಾಡಿ ಹಿಡ್ಕೊಂಡು, ಮಾರಿ ಹಿಂದ ಮಾಡಿ ಒಂದೊಂದs ಇಳೀಬೇಕು. ಇಳಿಜಾರಿನ್ಯಾಗ ಓಡುವಾಗ ತೊಡಿ ಸ್ನಾಯು ಹಿಗ್ಗಿಕೋತs ಬಿಗಿ ಹಿಡೀತಾವ, ಎಳಿ ಹರಿಯೋದು ಅಲ್ಲೇ. ನೋವು ಮರುದಿನಕ್ಕಿಂತ ಅದರ ಮರುದಿನ ಜೋರು.

ಐಬುಪ್ರೊಫೆನ್ ಗುಳಿಗಿ ಮುಟ್ಟಿಲ್ಲ, ಇಷ್ಟು ಓಡಿದ ಮ್ಯಾಲೆ ಅದು ಕಿಡ್ನಿಗೆ ಭಾರ. ಮೂತ್ರ ಡಿಕಾಕ್ಷನ್ ಬಣ್ಣಕ್ಕ ತಿರುಗಿದ್ರ ಮಾತ್ರ ತಡಾ ಮಾಡದ ದವಾಖಾನಿಗೆ ಓಡಬೇಕು. (ಸ್ಟೇಟಸ್‌ನ್ಯಾಗ ಇದನ್ನೆಲ್ಲಾ ಬರೀತಾರೇನು ಅಂತ ಅಕ್ಕ ಬೈಯಾಕತ್ಯಾಳ.)

ಹಸಿವಿ ಅಂದ್ರ ಹಸಿವಿ! ಅವ್ವ ರೊಟ್ಟಿ ಬಡಿದಷ್ಟೂ ಝುಣಕ, ಮೊಸರು, ಶೇಂಗಾ ಹಿಂಡಿ ಕೂಡ ಖಾಲಿ. "ರೊಕ್ಕಾ ಕೊಟ್ಟು ಕಾಲ ಮುರ್ಕೊಂಡು ಬಂದಿ" ಅಂತ ರೊಟ್ಟಿಗೊಮ್ಮೆ ಅಂತಾಳ.

ಸಂಜೀಕ ಕೆಲಗೇರಿ ಕೆರಿ ದಂಡಿಗೆ ಸಾವಕಾಶ ಅಡ್ಡಾಡತೇನಿ. ವಾಕಿಂಗ್ ಬರೋ ಅಜ್ಜಾರು ನನ್ನ ದಾಟಿ ಹೋಗ್ತಾರ. ಓಡುವಾಗ ಈ ಮಂದಿ ಮಾರಿನೂ ನೋಡ್ತಿರಲಿಲ್ಲ ನಾನು. ಈಗ ಯಾರಿಗೆ ಯಾವ ಕಾಲು ನೋಯ್ತದ ಅನ್ನೋದೂ ಗೊತ್ತಾಗೇದ. ನಿನ್ನೆ ಒಬ್ರು ನಿಂತು, "ಮೊಣಕಾಲೇನು ತಮ್ಮಾ? ಎಣ್ಣಿ ಹಚ್ಚು" ಅಂದ್ರು. ಹೂಂರಿ ಅಂದೆ.