ಕಾರ್ಡ್ ಪಾವತಿ ಜೋಡಿಸಿದ ರಾತ್ರಿ

ನನ್ನ ಪುಟ್ಟ ವೆಬ್ ಅಂಗಡಿಗೆ ಕಾರ್ಡ್ ಪಾವತಿ ಜೋಡಿಸುತ್ತಿದ್ದೇನೆ. ಕಾರ್ಡ್ ಹಣ ಪಡೆದುಕೊಡುವ ಗೇಟ್‌ವೇ ಸ್ಟ್ರೈಪ್. ಅದರ ಟೆಸ್ಟ್ ಕಾರ್ಡ್ (ನಿಜವಾದ ಹಣ ಹೋಗುವುದಿಲ್ಲ) 4242 4242 4242 4242 ಹಾಕಿದೆ. ಪಾವತಿ ಆಯಿತು ಅಂತ ತೋರಿಸಿತು, ಆರ್ಡರ್ ಮಾತ್ರ 'ಬಾಕಿ' ಅಂತಲೇ ಕೂತಿತ್ತು. ನೋಡಿದರೆ ನಾನು ಬರೆದ ವೆಬ್‌ಹುಕ್ (ಪಾವತಿ ಆದ ಸುದ್ದಿಯನ್ನು ಸ್ಟ್ರೈಪ್ ನೇರ ನನ್ನ ಸರ್ವರ್‌ಗೆ ಕಳಿಸುವ ದಾರಿ) ವಿಳಾಸದಲ್ಲಿ ಒಂದು ಅಕ್ಷರ ತಪ್ಪು! ಕೊಂಡವರು ಬ್ರೌಸರ್ ಮುಚ್ಚಿಬಿಟ್ಟರೂ ಸುದ್ದಿ ತಲುಪಿಸುವುದು ಅದೇ ಅಲ್ವಾ. ಸುಮ್ನೆ ಥ್ಯಾಂಕ್ಸ್ ಪುಟವನ್ನು ನಂಬಿ ಕೂರಬಾರದು.

ಕಾರ್ಡ್ ನಂಬರ್ ನನ್ನ ಸರ್ವರ್ ಮುಟ್ಟುವುದೇ ಇಲ್ಲ, ಪಾವತಿ ಪುಟ ಗೇಟ್‌ವೇಯದ್ದೇ. ಸಿವಿವಿಯನ್ನಂತೂ ಪಾವತಿಗೆ ಒಪ್ಪಿಗೆ ಸಿಕ್ಕ ಮೇಲೆ ಅಂಗಡಿಯವರು ಉಳಿಸಿಕೊಳ್ಳುವಂತಿಲ್ಲ, ಪಿಸಿಐ (ಕಾರ್ಡ್ ಉದ್ಯಮದ ಸುರಕ್ಷತಾ ಮಾನದಂಡ) ನಿಯಮ ಅದು. ಒಳ್ಳೆಯ ನಿಯಮ. ಗುರುತೇ ಇಲ್ಲದ ಯಾರೋ ನನ್ನ ಅಂಗಡಿಯನ್ನು ನಂಬಿ ಅಷ್ಟೂ ಅಂಕಿ ಟೈಪ್ ಮಾಡುತ್ತಾರೆ ಅಂತ ನೆನೆದರೆ ಎದೆ ತುಂಬಿ ಬರುತ್ತದೆ.

ಲೈವ್ ಕೀ (ನಿಜವಾದ ಪಾವತಿ ಶುರು ಮಾಡುವ ಗುಪ್ತ ಸಂಕೇತ) ಹಾಕುವ ಮುಂಚೆ ರೀಫಂಡ್ ಒಂದು ಮಾಡಿ ನೋಡಬೇಕು.