ಗೂಡು ಬಿಡಿಸುವ ಮುನ್ನ ಹತ್ತು ಗೂಡು ಕೊಯ್ದು ನೋಡಿ

ಹಸಿ ರೇಷ್ಮೆ ಗೂಡಿನ ತೂಕದಲ್ಲಿ ನೂಲಿನದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಒಳಗಿರುವ ಕೋಶದ್ದು, ಅಂದರೆ ಚಿಟ್ಟೆಯಾಗುವ ಮುನ್ನಿನ ಹಂತದಲ್ಲಿರುವ ಹುಳುವಿನದು. ರೈತ ತಕ್ಕಡಿಗೆ ಹಾಕುವುದು ಕೋಶವನ್ನು, ಗೂಡು ಕೊಂಡು ನೂಲು ಬಿಚ್ಚುವ ರೀಲರ್ ಕಾಸು ಕೊಡುವುದು ನೂಲಿಗೆ. ಇಷ್ಟಿದ್ದರೂ ಹುಳು ಚಂದ್ರಿಕೆ (ಗೂಡು ಕಟ್ಟಲು ಬಿಡುವ ತಟ್ಟಿ) ಹತ್ತಿದ ಕೂಡಲೇ ಬೆಳೆ ಕೈಗೆ ಬಂತು ಅಂದುಕೊಳ್ಳುವವರೇ ಜಾಸ್ತಿ. 25 ದಿನ ಸೊಪ್ಪು ಹಾಕಿ ಸಾಕಿದ ಬೆಳೆ ಆಮೇಲಿನ ಐದಾರು ದಿನದಲ್ಲಿ ಕೆಟ್ಟಿರುವುದುಂಟು.

ಹಣ್ಣು ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು, ಸೊಪ್ಪು ಬಿಡುತ್ತದೆ, ಮೈ ಸ್ವಲ್ಪ ಕುಗ್ಗಿ ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ, ತಲೆ ಎತ್ತಿ ಆಚೀಚೆ ಆಡಿಸುತ್ತ ಜಾಗ ಹುಡುಕುತ್ತದೆ. 6 ಅಡಿ ಉದ್ದ, 4 ಅಡಿ ಅಗಲದ ಚಂದ್ರಿಕೆಗೆ ಸಾವಿರದಷ್ಟು ಹುಳು ಸಾಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಜೋಡಿ ಗೂಡಿನಲ್ಲಿ ಎರಡೆಳೆಯೂ ಸಿಕ್ಕು ಬಿದ್ದಿರುವುದರಿಂದ ನೂಲು ಬಿಚ್ಚಲು ಬರುವುದಿಲ್ಲ. ಗೂಡು ಕಟ್ಟುವುದಕ್ಕೆ ಎರಡರಿಂದ ಮೂರು ದಿನ ಬೇಕು. ಅಷ್ಟು ದಿನ ಉಷ್ಣಾಂಶ 24-25 ಡಿಗ್ರಿ, ತೇವಾಂಶ ಶೇ 60-65 ಇದ್ದರೆ ಒಳ್ಳೆಯದು. ಹುಳು ಗೂಡು ಕಟ್ಟುವ ಮುಂಚೆ ಮೂತ್ರ ಬಿಡುತ್ತದೆ, ನೂಲಿನಿಂದಲೂ ನೀರಿನಂಶ ಆರಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಲಾಗಿ ಚಂದ್ರಿಕೆ ನಿಲ್ಲಿಸಿದರೆ ಎಳೆಯ ಮೇಲಿನ ಅಂಟು ನಿಧಾನವಾಗಿ ಆರಿ ಗಟ್ಟಿಯಾಗಿ ಕೂರುತ್ತದೆ. ಅಂಥ ಗೂಡು ಬೇಸಿನ್ನಿನಲ್ಲಿ ಎಷ್ಟು ಬೆಂದರೂ ಎಳೆ ಕಡಿಯುತ್ತಲೇ ಇರುತ್ತದೆ. ಹಾಗೆಂದು ಬಿಸಿಲಿಗೆ ಇಡುವುದೂ ತಪ್ಪು. ನೆರಳು ಇರಬೇಕು, ಗಾಳಿ ಆಡಬೇಕು.

ಗೂಡು ಮುಗಿಯಿತೆಂದರೆ ಒಳಗೆ ಕೋಶ ಆಗಿದೆ ಅಂತಲ್ಲ. ನೂಲು ನಿಲ್ಲಿಸಿದ ಹುಳು ಒಂದು ದಿನದ ಮೇಲೆ ಹಾಗೆಯೇ ಕುಗ್ಗಿ, ಬಾಗಿ, ಕೆನೆಬಣ್ಣಕ್ಕೆ ತಿರುಗಿ ಮಲಗಿರುತ್ತದೆ. ಸೊಪ್ಪು ಬಿಟ್ಟು ಮಲಗುವ ನಾಲ್ಕು ಜ್ವರಗಳಲ್ಲಿ ನಾಲ್ಕು ಸಲ ಪೊರೆ ಕಳಚಿದ್ದು ಐದನೆಯ ಸಲ ಕಳಚಿದಾಗಲೇ ಕೋಶ. ಹೊಸ ಕೋಶ ತಿಳಿಹಳದಿ, ತಾಟಿನುಂಗಿನಷ್ಟು ಮೆತ್ತಗೆ. ಬೆರಳು ಸ್ವಲ್ಪ ಜೋರಾಗಿ ತಾಗಿದರೂ ಒಡೆದು ರಸ ಸುರಿಯುತ್ತದೆ. ಗಟ್ಟಿಯಾಗಿ ಕಂದುಬಣ್ಣಕ್ಕೆ ಬರಲು ಇನ್ನೂ ಒಂದು ದಿನ ಹಿಡಿಯುತ್ತದೆ.

ಆತುರ ಮಾಡಿದವರ ಗೂಡು ಕೆಡುವುದು ಇಲ್ಲಿಯೇ. ಇನ್ನೂ ಗಟ್ಟಿಯಾಗದ ಕೋಶವಿರುವ ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ಗಾಡಿಯಲ್ಲಿ ಕುಲುಕಿಸಿಕೊಂಡು ರಾಮನಗರದ ಮಾರುಕಟ್ಟೆಗೋ ಶಿಡ್ಲಘಟ್ಟಕ್ಕೋ ಒಯ್ದರೆ ಕೋಶ ಒಡೆದು ಒಳಗಿನಿಂದಲೇ ಕಲೆ ಬೀಳುತ್ತದೆ. ಹೊರಗೆ ಒಂದು ಚುಕ್ಕೆ ಕಂಡಿತೆಂದರೆ ರೀಲರ್ ಇಡೀ ಲಾಟಿನ ದರ ಇಳಿಸುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ಕಲೆಯಾದ ಪದರದಲ್ಲಿ ಎಳೆ ಕಡಿಯುವುದು ನಿಜ.

ಮಾಮೂಲಿ ಲೆಕ್ಕ ಹೀಗೆ: ಹಳದಿ ಮಿಶ್ರತಳಿ ಗೂಡಿಗೆ ಹುಳು ಬಿಟ್ಟ ಐದನೇ ದಿನ, ಬಿಳಿ ದ್ವಿತಳಿಗೆ (ಬೈವೋಲ್ಟೀನ್) ಏಳನೇ ದಿನ. ಚಳಿಗಾಲದಲ್ಲಿ ಒಂದು ದಿನ ಸೇರಿಸಿಕೊಳ್ಳಿ. ಆದರೆ ಕ್ಯಾಲೆಂಡರಿಗಿಂತ ಬ್ಲೇಡು ನಂಬಿಕಸ್ಥ. ನಾಲ್ಕೈದು ಚಂದ್ರಿಕೆಗಳ ಮೇಲೆ, ನಡುವೆ, ಕೆಳಗೆ ಅಂತ ಹತ್ತು ಗೂಡು ಆರಿಸಿ. ಗೂಡಿನ ಒಂದು ತುದಿಯನ್ನು ಓರೆಯಾಗಿ ಕೊಯ್ದು ಅಂಗೈ ಮೇಲೆ ಬಗ್ಗಿಸಿ. ಕೋಶದ ಜೊತೆ ಕಳಚಿದ ಪೊರೆಯೂ ಮುದುರಿಕೊಂಡು ಉದುರಬೇಕು. ಕೋಶ ಕಂದಾಗಿದ್ದು, ಮುಟ್ಟಿದರೆ ಹೊಟ್ಟೆ ಭಾಗ ತಿರುಚಿ ಮಿಸುಕಾಡಿದರೆ ಬಿಡಿಸಬಹುದು. ಹತ್ತರಲ್ಲಿ ಎರಡು ಹಳದಿ ಇದ್ದರೂ ಇನ್ನೊಂದು ದಿನ ತಡೆಯಿರಿ. ಬೇರೆಬೇರೆ ದಿನ ಹಣ್ಣಾದ ಹುಳುಗಳನ್ನು ಒಂದೇ ಚಂದ್ರಿಕೆಗೆ ಬಿಟ್ಟಿದ್ದರೆ ಈ ಪರೀಕ್ಷೆಗೂ ಬೆಲೆ ಇಲ್ಲ.

ಕೊಯ್ದಿದ್ದೇ ಆಯಿತು, ಕೋಶವನ್ನು ಮಗುಚಿ ಒಮ್ಮೆ ಸರಿಯಾಗಿ ನೋಡಿ. ಎದೆಯ ಮೇಲೆ ಕೈಕಟ್ಟಿಕೊಂಡಂತೆ ರೆಕ್ಕೆಗಳ ಅಚ್ಚು, ಅವುಗಳ ನಡುವೆ ಬಾಗಿದ ಮೀಸೆ, ಕಾಲು, ಕಣ್ಣಿನ ಗುರುತು ಎಲ್ಲವೂ ಮೈಗೆ ಅಂಟಿಕೊಂಡಿರುತ್ತವೆ. ಹೊಟ್ಟೆಯ ಉಂಗುರಗಳು ಮಾತ್ರ ಆಡುತ್ತವೆ. ಹಿಂಭಾಗದ ಎಂಟನೇ ಉಂಗುರದ ಅಡಿಯಲ್ಲಿ ಗುಣಾಕಾರ ಚಿಹ್ನೆಯಂಥ ಸಣ್ಣ ಗೆರೆ ಇದ್ದರೆ ಹೆಣ್ಣು. ಒಂಬತ್ತನೇ ಉಂಗುರದಲ್ಲಿ ಒಂದು ಚುಕ್ಕೆ ಇದ್ದರೆ ಗಂಡು. ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಹೆಣ್ಣು ಗಂಡು ಬೇರ್ಪಡಿಸುವುದು ಈ ಗುರುತಿನಿಂದ. ಮೈಸೂರು ದೇಸಿ ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಕೂಡಿಸಿಯೇ ಮಿಶ್ರತಳಿ ಮೊಟ್ಟೆ ಆಗಬೇಕು. ಚಿಟ್ಟೆ ಹೊರಬಂದ ಮೇಲೆ ಬೇರ್ಪಡಿಸುತ್ತೇವೆ ಅಂದರೆ ಅಷ್ಟರಲ್ಲಿ ಅವು ತಮ್ಮಲ್ಲೇ ಕೂಡಿಬಿಟ್ಟಿರುತ್ತವೆ.

ಕೋಶ ಅಂದರೆ ಹುಳು ಮಲಗಿ ವಿಶ್ರಾಂತಿ ತೆಗೆದುಕೊಳ್ಳುವ ಹಂತ ಅಂತ ಶಾಲೆಯಲ್ಲಿ ಓದಿದ್ದನ್ನು ಮರೆತುಬಿಡಿ. ಮೈ ಉದ್ದಕ್ಕೂ ಇದ್ದ ರೇಷ್ಮೆ ಗ್ರಂಥಿ ಕರಗುತ್ತದೆ, ಸೊಪ್ಪು ಅರಗಿಸುತ್ತಿದ್ದ ಕರುಳು ಹೋಗಿ ಬೇರೆ ಕರುಳು ಬರುತ್ತದೆ, ಹುಳುವಿದ್ದಾಗಲೇ ಒಳಗೆ ಚಿಕ್ಕ ಮೊಗ್ಗಿನಂತಿದ್ದ ಜೀವಕೋಶಗಳ ಗುಂಪುಗಳಿಂದ ರೆಕ್ಕೆ ಬೆಳೆಯುತ್ತದೆ. ನರಮಂಡಲ, ಹೃದಯನಾಳಗಳು ಪೂರಾ ಕರಗದೆ ರೂಪ ಬದಲಿಸಿಕೊಳ್ಳುತ್ತವೆ. ಇದನ್ನೆಲ್ಲ ನಡೆಸುವುದು ಎರಡು ಹಾರ್ಮೋನು. ಎಕ್ಡೈಸೋನ್ ಪೊರೆ ಕಳಚಿಸುತ್ತದೆ. ಜುವೆನೈಲ್ ಹಾರ್ಮೋನು ಜೊತೆಗಿದ್ದರೆ ಮತ್ತೆ ಹುಳು, ಇಲ್ಲದಿದ್ದರೆ ಕೋಶ. ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 1954ರಲ್ಲಿ ಎಕ್ಡೈಸೋನನ್ನು ಬೇರ್ಪಡಿಸಿದ್ದು ರೇಷ್ಮೆ ಕೋಶದಿಂದಲೇ. 500 ಕಿಲೋ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ!

ಈ ಎರಡು ಹೆಸರು ಹುಳುಮನೆಗೂ ಬೇಕಾದವು. ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಎಂಬ ಔಷಧ ಜುವೆನೈಲ್ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಪಕ್ಕದ ತರಕಾರಿ ತೋಟಕ್ಕೆ ಹೊಡೆದದ್ದು ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಸಾಯುವುದಿಲ್ಲ. ತಿನ್ನುತ್ತಲೇ ಇರುತ್ತದೆ, ದಪ್ಪ ಆಗುತ್ತದೆ, ದಿನ ಕಳೆದರೂ ಹಣ್ಣಾಗುವುದಿಲ್ಲ. ರೋಗದ ಲಕ್ಷಣ ಒಂದೂ ಇಲ್ಲದೆ ನಾಲ್ಕನೇ ಜ್ವರ ಎದ್ದು ಹತ್ತು ದಿನ ದಾಟಿಯೂ ಹುಳು ಗೂಡು ಕಟ್ಟದಿದ್ದರೆ ಅಕ್ಕಪಕ್ಕದ ಹೊಲದಲ್ಲಿ ಏನು ಸಿಂಪಡಿಸಿದರೆಂದು ಮೊದಲು ವಿಚಾರಿಸಿ. ಇದಕ್ಕೆ ಉಲ್ಟಾ, ಹುಳು ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿಗೆ ಸಿಂಪಡಿಸುವ 'ಸಂಪೂರ್ಣ' ಇದೆಯಲ್ಲ, ಅದರಲ್ಲಿರುವುದು ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯ ವಸ್ತು. ಅಲ್ಲೊಂದು ಇಲ್ಲೊಂದು ಹಣ್ಣು ಹುಳು ಕಂಡ ಮೇಲೆ ಮಾತ್ರ ಕೊಡಬೇಕು. ಮೊದಲೇ ಕೊಟ್ಟರೆ ರೇಷ್ಮೆ ಗ್ರಂಥಿ ತುಂಬುವ ಮುನ್ನವೇ ಹುಳು ಗೂಡಿಗೆ ಕೂತು ಜಿಲ್ಲಿ, ಅಂದರೆ ನೂಲಿಲ್ಲದ ತೆಳು ಗೂಡು, ಕೈಗೆ ಬರುತ್ತದೆ.

ಬಿಡಿಸಿದ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಜೀವಂತ ಕೋಶ ಮೆತ್ತಗೆ 'ದಪ್' ಅನ್ನುತ್ತದೆ. ಸದ್ದೇ ಇಲ್ಲದಿದ್ದರೆ ಒಳಗೆ ಸತ್ತು ಗೂಡಿಗೆ ಅಂಟಿಕೊಂಡಿದೆ. ಹಾಲುತೊಂಡೆ, ಸಪ್ಪೆರೋಗ ಕೊನೆಯ ದಿನಗಳಲ್ಲಿ ತಗುಲಿದ ಹುಳು ಗೂಡು ಕಟ್ಟಿ ಆಮೇಲೆ ಹೀಗೆ ಕರಗುತ್ತದೆ. ಇವನ್ನು ಮನೆಯಲ್ಲೇ ಆರಿಸಿ ತೆಗೆಯಿರಿ, ಒಂದು ಒಡೆದರೆ ಸುತ್ತಲಿನ ಹತ್ತಕ್ಕೆ ಕಲೆ. ಕೋಶ ಉಸಿರಾಡುತ್ತಿರುತ್ತದೆ, ಬಿಸಿ ಮತ್ತು ತೇವ ಬಿಡುತ್ತಿರುತ್ತದೆ. ಗೋಣಿಗೆ ಒತ್ತಿ ತುಂಬಿದರೆ ನಡುವಿನ ಗೂಡು ಬೆವರಿ ಕೋಶ ಸಾಯುತ್ತದೆ. ತೆಳ್ಳಗೆ ಹರಡಿಡಿ, ಗಾಳಿಯಾಡುವ ಚೀಲಕ್ಕೆ ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ಸಾಗಿಸಿ.

ಕೋಶ ಆದ ಹತ್ತು ಹನ್ನೆರಡು ದಿನಕ್ಕೆ, ದ್ವಿತಳಿಯಲ್ಲಿ ಇನ್ನೊಂದೆರಡು ದಿನ ತಡವಾಗಿ, ಬೆಳಗಿನ ಜಾವ ಚಿಟ್ಟೆ ಬಾಯಿಂದ ರಸ ಬಿಟ್ಟು ಅಂಟು ಸಡಿಲಿಸಿ ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನ ನೂಲು ಬಿಚ್ಚಲಾಗದು. ಹಾಗಾಗಿ ರೀಲರ್ ಅಷ್ಟರೊಳಗೆ ಕೋಶ ಕೊಲ್ಲಬೇಕು. ಬಿಸಿಗಾಳಿ ಯಂತ್ರದಲ್ಲಿ 110 ಡಿಗ್ರಿಯ ಆಸುಪಾಸು ಶುರುಮಾಡಿ ಐದಾರು ಗಂಟೆಯಲ್ಲಿ 60ಕ್ಕೆ ಇಳಿಸಿದರೆ 100 ಕಿಲೋ ಹಸಿ ಗೂಡು 40 ಕಿಲೋ ಆಸುಪಾಸಿಗೆ ಒಣಗುತ್ತದೆ. ಹಬೆಯಲ್ಲಿ ಕೋಶ ಸಾಯುತ್ತದೆ ಅಷ್ಟೇ, ಒಣಗುವುದಿಲ್ಲ. ಆಮೇಲೆ ನೆರಳಲ್ಲಿ ಹರಡದಿದ್ದರೆ ಬೂಸು ಹಿಡಿಯುತ್ತದೆ.

ಹುಳುಮನೆಯಲ್ಲಿ ಇನ್ನೊಂದು ಬಗೆಯ ಕೋಶವೂ ಇರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ್ದು. ಹುಳುವಿನ ಮೈಯೊಳಗೆ ಬೆಳೆದ ಊಜಿ ಮರಿ ಗೂಡು ಕೊರೆದು ಕೆಳಗೆ ಬಿದ್ದು, ಗೋಡೆಯ ಬಿರುಕು, ಮಣ್ಣು ಸೇರಿ ಒಂದು ದಿನದೊಳಗೆ ಕೆಂಗಂದು ಪೀಪಾಯಿಯಂತಾಗುತ್ತದೆ. ಇದು ಪೊರೆ ಕಳಚಿ ಎಸೆಯುವುದಿಲ್ಲ, ಆ ಪೊರೆಯೇ ಗಟ್ಟಿಯಾಗಿ ಚಿಪ್ಪಾಗುತ್ತದೆ. ಆದ್ದರಿಂದ ಮೀಸೆ, ರೆಕ್ಕೆ ಯಾವ ಗುರುತೂ ಹೊರಗೆ ಕಾಣದು. ಹತ್ತು ಹನ್ನೆರಡು ದಿನಕ್ಕೆ ನೊಣ ಎದ್ದು ಮುಂದಿನ ಬೆಳೆಗೆ ಕಾದಿರುತ್ತದೆ. ಚಂದ್ರಿಕೆ ಕೆಳಗೆ ಉದುರಿದ ಮರಿಗಳನ್ನು ದಿನಾ ಗುಡಿಸಿ ಸೋಪಿನ ನೀರಿಗೆ ಹಾಕಿ, ನೆಲದ ಬಿರುಕು ಮುಚ್ಚಿ. ಊಜಿ ಕೋಶದೊಳಗೆ ಮೊಟ್ಟೆ ಇಡುವ ನೆಸೋಲಿಂಕ್ಸ್ ಕಣಜದ ಚೀಲಗಳನ್ನು ಗೂಡು ಬಿಡಿಸಿದ ದಿನವೇ ತೆಗೆದು ಬಿಸಾಡಬೇಡಿ. ಕಸ ಹಾಕುವ ಗುಂಡಿಯ ಪಕ್ಕ ಕಟ್ಟಿ, ಅಲ್ಲಿಯೂ ಊಜಿ ಕೋಶ ಇರುತ್ತವೆ.